ಇಲಿಗೆ ತಾನಾಗಿ ಹೃದಯಾಘಾತ ಆಗುವುದಿಲ್ಲ

25 ಗ್ರಾಂ ತೂಕದ ಚಿಟ್ಟಿಲಿಯನ್ನು ಅಂಗಾತ ಮಲಗಿಸಿದ್ದಾರೆ. ಅರಿವಳಿಕೆಯಲ್ಲಿ ಇಲಿಯ ಮೈ ಬೇಗ ತಣ್ಣಗಾಗುತ್ತದೆ, ಅದಕ್ಕೇ ಕೆಳಗೆ ಬೆಚ್ಚಗಿನ ಹಲಗೆ. ಗಂಟಲಿಗೆ ಇಳಿಸಿದ ಸಣ್ಣ ಕೊಳವೆಯ ಮೂಲಕ ಯಂತ್ರವೊಂದು ಅದಕ್ಕೆ ಉಸಿರು ತುಂಬುತ್ತಿದೆ. ಎಡಗಡೆಯ ಎರಡು ಪಕ್ಕೆಲುಬುಗಳ ನಡುವೆ ಬಿಡಿಸಿದರೆ ಹೃದಯ ಕಾಣುತ್ತದೆ. ಎಚ್ಚರವಿದ್ದಾಗ ನಿಮಿಷಕ್ಕೆ 500ರಿಂದ 600 ಸಲ ಬಡಿಯುವ ಹೃದಯ ಅದು; ಅರಿವಳಿಕೆಯಲ್ಲೂ ಬಡಿತ ಕಣ್ಣಿಗೆ ಸಿಗುವುದಿಲ್ಲ, ನಡುಗುತ್ತಿರುವ ಹಾಗೆ ತೋರುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟ ಸಂಶೋಧಕಿ ಎಡ ಹೃತ್ಕರ್ಣದ ಅಂಚಿನ ಕೆಳಗೆ ಬಾಗಿದ ಸೂಜಿ ತೂರಿಸಿ, ಕೂದಲೆಳೆಯಷ್ಟು ಸಣ್ಣ ದಾರದಿಂದ ಹೃದಯಕ್ಕೆ ರಕ್ತ ಕೊಡುವ ಮುಖ್ಯ ನಾಳಕ್ಕೆ ಗಂಟು ಹಾಕುತ್ತಾಳೆ. ಗಂಟು ಬಿಗಿಯುತ್ತಿದ್ದಂತೆ ಅದರ ಕೆಳಗಿನ ಸ್ನಾಯು ಬಿಳಿಚಿಕೊಳ್ಳುತ್ತದೆ. ಕೆಲಸ ಸರಿಯಾಗಿ ಆಯಿತು ಎನ್ನುವುದಕ್ಕೆ ಅದೇ ಗುರುತು. ಎದೆ ಹೊಲಿದು, ನೋವು ನಿವಾರಕ ಕೊಟ್ಟು, ಇಲಿಯನ್ನು ಗೂಡಿಗೆ ಬಿಡುತ್ತಾರೆ.

ಪಕ್ಕದ ಗೂಡಿನ ಇಲಿಗೂ ಇದೆಲ್ಲ ಆಗಿದೆ. ಎದೆ ತೆರೆದಿದ್ದಾರೆ, ಸೂಜಿ ತೂರಿಸಿದ್ದಾರೆ, ಗಂಟು ಮಾತ್ರ ಹಾಕಿಲ್ಲ. ಹೋಲಿಸಿ ನೋಡುವುದಕ್ಕೆ ಒಂದು ಬೇಕಲ್ಲ.

ಹೃದಯಾಘಾತಕ್ಕೆ ಹೊಸ ಮದ್ದು ಸಿಕ್ಕಿತು ಎಂದು ಪತ್ರಿಕೆಗಳಲ್ಲಿ ಬರುವ ಸುದ್ದಿಗಳ ಹಿಂದೆ ಹೆಚ್ಚಾಗಿ ಇಂಥದೊಂದು ಗಂಟು ಇರುತ್ತದೆ. ಇಲಿಗೆ ತಾನಾಗಿ ಹೃದಯಾಘಾತ ಆಗುವುದಿಲ್ಲ, ಮಾಡಬೇಕು. ಮನುಷ್ಯನಲ್ಲಿ ದಶಕಗಟ್ಟಲೆ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಸೇರಿ, ಉರಿಯೂತವಾಗಿ, ಒಂದು ದಿನ ಆ ಗಡ್ಡೆ ಬಿರಿದು, ಬಿರುಕಿನ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಕಟ್ಟಿಕೊಳ್ಳುತ್ತದೆ. ಚಿಟ್ಟಿಲಿ ಬದುಕುವುದೇ ಎರಡು ಚಿಲ್ಲರೆ ವರ್ಷ. 1992ರಲ್ಲಿ ಅಪೊ-ಇ ಎಂಬ ವಂಶವಾಹಿಯನ್ನು ತೆಗೆದುಹಾಕಿದ ಚಿಟ್ಟಿಲಿಗಳನ್ನು ಸೃಷ್ಟಿಸಿದರು. ಅವುಗಳ ರಕ್ತನಾಳಗಳಲ್ಲಿ ಕೊಬ್ಬು ಧಾರಾಳವಾಗಿ ಸೇರಿತು, ಆದರೆ ಅದು ಬಿರಿದು ಹೃದಯಾಘಾತ ಆಗುವುದು ತೀರಾ ಅಪರೂಪ. ಹಾಗಾಗಿ ವಿಜ್ಞಾನಿಗಳು ಪ್ರಾಣಿ ಮಾದರಿ ಎಂದು ಕರೆಯುವುದರಲ್ಲಿ ಇಡೀ ಕಾಯಿಲೆ ಇರುವುದಿಲ್ಲ, ಅದರ ಒಂದು ತುಣುಕು ಇರುತ್ತದೆ. ಯಾವ ತುಣುಕನ್ನು ಯಾವ ಪ್ರಾಣಿಯಲ್ಲಿ ಹುಡುಕಿದೆವು ಎಂಬುದರ ಮೇಲೆ ಈ ವಿದ್ಯೆಯ ಗೆಲುವು ಸೋಲುಗಳೆಲ್ಲ ನಿಂತಿವೆ ಎಂಬುದು ನನ್ನ ತಿಳಿವಳಿಕೆ.

ನಾಯಿಗಳು ಕಲಿಸಿದ ಗಡಿಯಾರ

ಗಂಟು ಹಾಕುವ ವಿದ್ಯೆ ಹಳೆಯದು. ಫ್ರಾನ್ಸಿನ ಪಿಯರ್ ಶಿರಾಕ್ 1698ರಲ್ಲೇ ನಾಯಿಯ ಹೃದಯದ ರಕ್ತನಾಳ ಕಟ್ಟಿ ನೋಡಿದ್ದ. 1881ರಲ್ಲಿ ಜರ್ಮನಿಯ ಯೂಲಿಯಸ್ ಕೋನ್‌ಹೈಮ್ ನಾಯಿಗಳ ಮೇಲಿನ ಪ್ರಯೋಗದಿಂದ, ಈ ನಾಳ ಕಟ್ಟಿದರೆ ಸಾವು ಖಚಿತ ಎಂದು ಸಾರಿದ. ದೊಡ್ಡ ಹೆಸರಿನವರು ಹೇಳಿದ್ದು ಬಹುಕಾಲ ನಿಲ್ಲುತ್ತದೆ. ರೋಗಿ ಬದುಕಿ ಎದ್ದು ಕುಳಿತರೆ ಅವನಿಗೆ ಆಗಿದ್ದು ಹೃದಯಾಘಾತವಲ್ಲ, ಹೊಟ್ಟೆಯದ್ದೇನೋ ತೊಂದರೆ ಎಂದು ವೈದ್ಯರು ಅಂದುಕೊಳ್ಳುತ್ತಿದ್ದ ಕಾಲ ಅದು. ಹೃದಯಾಘಾತವಾಗಿಯೂ ಬದುಕಬಹುದು, ಬದುಕಿರುವಾಗಲೇ ಅದನ್ನು ಗುರುತಿಸಬಹುದು ಎಂದು ಶಿಕಾಗೊದ ಜೇಮ್ಸ್ ಹೆರಿಕ್ 1912ರಲ್ಲಿ ಬರೆದಾಗ ಕಿವಿಗೊಟ್ಟವರು ಕಡಿಮೆ. ಆತ ಸುಮ್ಮನಾಗಲಿಲ್ಲ. ಹೆರಿಕ್‌ನ ಕಿರಿಯ ಸಹೋದ್ಯೋಗಿ ಫ್ರೆಡ್ ಸ್ಮಿತ್ ನಾಯಿಗಳ ರಕ್ತನಾಳ ಕಟ್ಟಿ, ಆಗ ಹೊಸದಾಗಿದ್ದ ಇಸಿಜಿ ಯಂತ್ರದಲ್ಲಿ ಅವುಗಳ ಗೆರೆಗಳನ್ನು ದಾಖಲಿಸಿ 1918ರಲ್ಲಿ ಪ್ರಕಟಿಸಿದ. ಮರುವರ್ಷ ಅಂಥದೇ ಗೆರೆಗಳನ್ನು ಹೆರಿಕ್ ಮನುಷ್ಯ ರೋಗಿಯಲ್ಲಿ ತೋರಿಸಿದ. ಇವತ್ತು ಎದೆನೋವೆಂದು ಹೋದ ತಕ್ಷಣ ನರ್ಸ್ ಎದೆಗೆ ಅಂಟಿಸುವ ಆ ತಂತಿಗಳ ಓದಿನಲ್ಲಿ ಶಿಕಾಗೊದ ನಾಯಿಗಳ ಪಾಲೂ ಇದೆ.

ನಾಯಿಗಳು ಕಲಿಸಿದ ಅತಿ ದೊಡ್ಡ ಪಾಠ ಬಂದದ್ದು 1977ರಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಿಂದ. ರಾಬರ್ಟ್ ಜೆನ್ನಿಂಗ್ಸ್ ಮತ್ತು ಕೀತ್ ರೀಮರ್ ಎಂಬ ಇಬ್ಬರು ರೋಗಶಾಸ್ತ್ರಜ್ಞರು ಬಹಳ ಸರಳವಾದ ಒಂದು ಪ್ರಶ್ನೆ ಹಾಕಿಕೊಂಡರು. ನಾಳ ಕಟ್ಟಿದ ಮೇಲೆ ಹೃದಯದ ಸ್ನಾಯು ಒಂದೇ ಏಟಿಗೆ ಸಾಯುತ್ತದೋ, ಹಂತ ಹಂತವಾಗಿ ಸಾಯುತ್ತದೋ? ಕೆಲವು ನಾಯಿಗಳಲ್ಲಿ 40 ನಿಮಿಷಕ್ಕೆ ಕಟ್ಟು ಬಿಚ್ಚಿದರು, ಕೆಲವದರಲ್ಲಿ 3 ಗಂಟೆಗೆ, ಇನ್ನು ಕೆಲವದರಲ್ಲಿ 6 ಗಂಟೆಗೆ. ಕೆಲವದರಲ್ಲಿ ಬಿಚ್ಚಲೇ ಇಲ್ಲ. ಆಮೇಲೆ ಹೃದಯವನ್ನು ಹೋಳು ಮಾಡಿ ಪರೀಕ್ಷಿಸಿದರು. 40 ನಿಮಿಷಕ್ಕೆ ಬಿಚ್ಚಿದ್ದರಲ್ಲಿ ರಕ್ತ ತಪ್ಪಿದ ಭಾಗದ ಸುಮಾರು 38 ಶೇಕಡಾ ಸತ್ತಿತ್ತು. 3 ಗಂಟೆಗೆ 57, 6 ಗಂಟೆಗೆ 71, ಬಿಚ್ಚದೇ ಬಿಟ್ಟದ್ದರಲ್ಲಿ 85. ಸಾವು ಹೃದಯದ ಒಳಗೋಡೆಯಿಂದ ಶುರುವಾಗಿ, ಗಂಟೆಗಳು ಕಳೆದಂತೆ ಹೊರಗೋಡೆಯ ಕಡೆಗೆ ಅಲೆಯ ಹಾಗೆ ಸರಿಯುತ್ತಿತ್ತು.

ಅಂದರೆ ನಡುವೆ ಸಮಯ ಇದೆ. ಕಟ್ಟಿದ ನಾಳವನ್ನು ತೆರೆದರೆ ಉಳಿಸಿಕೊಳ್ಳುವುದಕ್ಕೆ ಇನ್ನೂ ಏನೋ ಇದೆ, ಬೇಗ ತೆರೆದಷ್ಟೂ ಹೆಚ್ಚು ಇದೆ. 1986ರಲ್ಲಿ ಇಟಲಿಯಲ್ಲಿ 11,806 ರೋಗಿಗಳ ಮೇಲೆ ನಡೆದ ಜಿಸ್ಸಿ ಪರೀಕ್ಷೆಯಲ್ಲಿ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಸಾವನ್ನು 13 ಶೇಕಡಾದಿಂದ 10.7ಕ್ಕೆ ಇಳಿಸಿತು. ನೋವು ಶುರುವಾದ ಒಂದು ಗಂಟೆಯೊಳಗೆ ಮದ್ದು ಸಿಕ್ಕವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ನಾಯಿ ತೋರಿಸಿದ ಗಡಿಯಾರವೇ ಮನುಷ್ಯನಲ್ಲೂ ಓಡುತ್ತಿತ್ತು. ನಮ್ಮಲ್ಲಿ 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಪುಕ್ಕಟೆ ಕೊಟ್ಟು, ಆಮೇಲೆ ದೊಡ್ಡಾಸ್ಪತ್ರೆಗೆ ಕಳಿಸುವ ಏರ್ಪಾಡು. ಅದರ ಬುಡದಲ್ಲಿರುವ ಲೆಕ್ಕಾಚಾರವೂ ಇದೇ.

ಸತ್ತದ್ದು ಎಷ್ಟು, ಬದುಕಿದ್ದು ಎಷ್ಟು ಎಂದು ಪ್ರಯೋಗಾಲಯದಲ್ಲಿ ಅಳೆಯುವ ಬಗೆ ನೋಡಲು ಬಲು ಚೆಂದ, ವಿಷಯ ಚೆಂದದ್ದಲ್ಲದಿದ್ದರೂ. ಹೃದಯವನ್ನು ಹೊರತೆಗೆಯುವ ಮುಂಚೆ ಗಂಟನ್ನು ಮತ್ತೆ ಬಿಗಿದು, ರಕ್ತಕ್ಕೆ ಇವಾನ್ಸ್ ಬ್ಲೂ ಎಂಬ ನೀಲಿ ಬಣ್ಣ ಹಾಯಿಸುತ್ತಾರೆ. ರಕ್ತ ಹೋಗುವಲ್ಲೆಲ್ಲ ನೀಲಿ. ಆಮೇಲೆ ಹೃದಯವನ್ನು ತೆಳು ಬಿಲ್ಲೆಗಳಾಗಿ ಕೊಯ್ದು, ಟಿಟಿಸಿ ಎಂಬ ಬಣ್ಣವಿಲ್ಲದ ದ್ರಾವಣದಲ್ಲಿ ಮೈ ಬಿಸಿಯಷ್ಟೇ ಶಾಖದಲ್ಲಿ ಕೆಲವು ನಿಮಿಷ ನೆನೆಹಾಕುತ್ತಾರೆ. ಜೀವ ಇರುವ ಸ್ನಾಯುವಿನ ಕಿಣ್ವಗಳು ಅದನ್ನು ಇಟ್ಟಿಗೆ ಕೆಂಪಿಗೆ ತಿರುಗಿಸುತ್ತವೆ. ಸತ್ತದ್ದು ಬೆಳ್ಳಗೆ ಉಳಿಯುತ್ತದೆ. ಬಿಲ್ಲೆಯೊಂದನ್ನು ಗಾಜಿನ ಮೇಲಿಟ್ಟರೆ ನೀಲಿ, ಕೆಂಪು, ಬಿಳಿ. ಕೆಂಪು ಮತ್ತು ಬಿಳಿ ಸೇರಿದ್ದು ಅಪಾಯದಲ್ಲಿದ್ದ ಭಾಗ, ಬಿಳಿ ಕಳೆದುಹೋದ ಭಾಗ. ಹೊಸ ಮದ್ದು ಕೆಲಸ ಮಾಡಿತೋ ಇಲ್ಲವೋ ಎಂಬುದು ಈ ಬಿಳಿಯ ಅಗಲದಲ್ಲಿ ತೀರ್ಮಾನವಾಗುತ್ತದೆ.

ಎಲ್ಲ ಪ್ರಾಣಿಗಳಲ್ಲಿ ಗೆದ್ದು, ಆಸ್ಪತ್ರೆಯಲ್ಲಿ ಸೋತದ್ದು

ಆ ಬಿಳಿಯನ್ನು ಸಣ್ಣದು ಮಾಡುವ ಆಸೆಯೇ ಮುಂದಿನ ನಾಲ್ಕು ದಶಕಗಳ ಕಥೆ. ಅದರ ಮೊದಲ ಅಧ್ಯಾಯವೂ ಡ್ಯೂಕ್‌ನಲ್ಲೇ. ಜೆನ್ನಿಂಗ್ಸ್ ಮತ್ತು ರೀಮರ್ ಅವರ ಪ್ರಯೋಗಾಲಯದಲ್ಲಿದ್ದ ಚಾರ್ಲ್ಸ್ ಮರಿ ಎಂಬ ವಿದ್ಯಾರ್ಥಿ ನಾಯಿಗಳ ನಾಳವನ್ನು ಮೊದಲು 5 ನಿಮಿಷ ಕಟ್ಟಿ 5 ನಿಮಿಷ ಬಿಟ್ಟ. ಹೀಗೆ ನಾಲ್ಕು ಸಲ. ಆಮೇಲೆ 40 ನಿಮಿಷದ ದೊಡ್ಡ ಕಟ್ಟು. ಪೆಟ್ಟಿನ ಮೇಲೆ ಪೆಟ್ಟು ಬಿದ್ದರೆ ಹಾನಿ ಹೆಚ್ಚಬೇಕಲ್ಲವೇ? ಆದದ್ದು ತದ್ವಿರುದ್ಧ. ನೇರವಾಗಿ ದೊಡ್ಡ ಕಟ್ಟು ಬಿದ್ದ ನಾಯಿಗಳಲ್ಲಿ ಅಪಾಯದ ಭಾಗದ 29 ಶೇಕಡಾ ಸತ್ತಿದ್ದರೆ, ಮೊದಲೇ ಸಣ್ಣ ಪೆಟ್ಟು ತಿಂದವುಗಳಲ್ಲಿ ಬರೀ 7 ಶೇಕಡಾ. ಹೃದಯಕ್ಕೆ ತನ್ನನ್ನು ತಾನು ಕಾಯ್ದುಕೊಳ್ಳುವ ಕಲೆ ಗೊತ್ತಿತ್ತು, ಅದನ್ನು ಎಬ್ಬಿಸಬೇಕಿತ್ತು ಅಷ್ಟೆ. 1986ರ ಆ ಪ್ರಬಂಧದ ನಂತರ ಇಲಿ, ಮೊಲ, ಹಂದಿ, ಹೆಚ್ಚುಕಡಿಮೆ ಪರೀಕ್ಷಿಸಿದ ಪ್ರತಿ ಪ್ರಾಣಿಯಲ್ಲೂ ಇದು ನಿಜವೆಂದಾಯಿತು.

ಇನ್ನೇನು, ಈ ಕಲೆಯನ್ನು ಎಬ್ಬಿಸುವ ಮಾತ್ರೆಯೊಂದು ಸಿಕ್ಕರೆ ಸಾಕು ಎಂದು ಸಾವಿರಾರು ಪ್ರಬಂಧಗಳು ಬಂದವು. ಅಂಗ ಕಸಿಯಾದವರಿಗೆ ಕೊಡುವ ಸೈಕ್ಲೊಸ್ಪೊರಿನ್ ಪ್ರಾಣಿಗಳಲ್ಲಿ ಭರವಸೆ ಹುಟ್ಟಿಸಿತು. 2008ರಲ್ಲಿ 58 ರೋಗಿಗಳ ಪುಟ್ಟ ಪರೀಕ್ಷೆಯಲ್ಲೂ ಒಳ್ಳೆಯ ಸೂಚನೆ ಕಂಡಿತು. 2015ರಲ್ಲಿ 970 ರೋಗಿಗಳ ಮೇಲೆ ನೋಡಿದರೆ ಏನೂ ಇಲ್ಲ. ತೋಳಿಗೆ ಬಿಪಿ ಪಟ್ಟಿ ಸುತ್ತಿ ಬಿಗಿದು ಬಿಟ್ಟು ಮಾಡಿದರೂ ದೂರದ ಹೃದಯಕ್ಕೆ ಅದೇ ರಕ್ಷಣೆ ಸಿಗುತ್ತದೆ ಎಂಬ ಸೊಗಸಾದ ವಿಚಾರವೊಂದಿತ್ತು. ಖರ್ಚಿಲ್ಲ, ಅಡ್ಡಪರಿಣಾಮವಿಲ್ಲ. 2019ರಲ್ಲಿ ಯುರೋಪಿನ ನಾಲ್ಕು ದೇಶಗಳ 5,401 ರೋಗಿಗಳಲ್ಲಿ ಅದೂ ಪ್ರಯೋಜನಕ್ಕೆ ಬರಲಿಲ್ಲ.

ಯಾಕೆ ಹೀಗೆ? ಗೂಡಿನ ಇಲಿಯನ್ನೂ ಹಾಸಿಗೆಯ ಮೇಲಿನ ರೋಗಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರದ ಬಹುಭಾಗ ಸಿಗುತ್ತದೆ. ಇಲಿ ಹರೆಯದ್ದು, ಬಹುತೇಕ ಗಂಡು, ಸಕ್ಕರೆ ಕಾಯಿಲೆ ಇಲ್ಲ, ರಕ್ತದೊತ್ತಡ ಇಲ್ಲ, ಬೀಡಿ ಸೇದಿಲ್ಲ. ಅದರ ಒಡಹುಟ್ಟುಗಳೆಲ್ಲ ವಂಶವಾಹಿಯಲ್ಲಿ ಅಚ್ಚೊತ್ತಿದಂತೆ ಒಂದೇ ತರ. ನಾಳ ಎಷ್ಟು ಹೊತ್ತಿಗೆ ಕಟ್ಟಿತು, ಎಷ್ಟು ಹೊತ್ತಿಗೆ ಬಿಚ್ಚಿತು ಎಂಬುದು ನಿಮಿಷದ ಲೆಕ್ಕದಲ್ಲಿ ಗೊತ್ತು. ರೋಗಿಗೋ ಅರವತ್ತು ದಾಟಿದೆ. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕುಡಿದು ಎರಡು ಗಂಟೆ ಮಲಗಿದ್ದು, ಆಮೇಲೆ ಬಂದಿದ್ದಾರೆ. ಆಸ್ಪಿರಿನ್, ಸ್ಟ್ಯಾಟಿನ್, ಸಕ್ಕರೆ ಮಾತ್ರೆ ಮೊದಲೇ ಮೈಯಲ್ಲಿವೆ, ಇವುಗಳಲ್ಲಿ ಕೆಲವು ಹೃದಯದ ಕಾವಲು ಕಲೆಯನ್ನು ಎಬ್ಬಿಸುತ್ತವೆ, ಕೆಲವು ಅಡ್ಡಗಾಲು ಹಾಕುತ್ತವೆ. ಹಿಂದಿನ ವಾರದಿಂದ ಬಂದು ಹೋಗುತ್ತಿದ್ದ ಎದೆನೋವೇ ಮರಿಯ 5 ನಿಮಿಷದ ಕಟ್ಟುಗಳ ಕೆಲಸ ಮಾಡಿರಲೂ ಸಾಕು. ಮೇಲಾಗಿ ಸ್ಟೆಂಟ್ ಹಾಕಿ ನಾಳ ತೆರೆಯುವ ಚಿಕಿತ್ಸೆ ಈಗ ಎಷ್ಟು ಪಳಗಿದೆಯೆಂದರೆ ಅದರ ಮೇಲೆ ಇನ್ನೊಂದಿಷ್ಟು ಲಾಭ ತೋರಿಸುವುದೇ ಕಷ್ಟ.

ಇದರ ಜೊತೆಗೆ ಪ್ರಯೋಗಾಲಯಗಳ ಒಳಮನೆಯ ಸಮಸ್ಯೆಯೂ ಇದೆ. ಆರೋ ಎಂಟೋ ಇಲಿಗಳು, ಯಾವುದಕ್ಕೆ ಮದ್ದು ಹೋಗಿದೆ ಎಂಬುದು ಅಳೆಯುವವರಿಗೂ ಗೊತ್ತು, ಫಲಿತಾಂಶ ಚೆನ್ನಾಗಿ ಬಂದರೆ ಪ್ರಕಟಣೆ, ಇಲ್ಲದಿದ್ದರೆ ಕಪಾಟು. ಅಮೆರಿಕ ಸರಕಾರದ ಹಣದಲ್ಲಿ ಸೀಸರ್ ಎಂಬ ಒಕ್ಕೂಟ ಕಟ್ಟಿ, ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಚಿಟ್ಟಿಲಿ, ಮೊಲ, ಹಂದಿಗಳ ಮೇಲೆ ಒಂದೇ ಕ್ರಮದಲ್ಲಿ, ಮದ್ದು ಯಾವುದೆಂದು ತಿಳಿಸದೆ ಪರೀಕ್ಷೆ ಮಾಡಿಸಿದರು. ಮರಿಯ ಸಣ್ಣ ಕಟ್ಟುಗಳು ಅಲ್ಲೂ ಗೆದ್ದವು. ಅದಕ್ಕೂ ಮೊದಲು ಹಲವು ಪ್ರಬಂಧಗಳಲ್ಲಿ ಮೆರೆದಿದ್ದ ನೈಟ್ರೈಟ್ ಮತ್ತು ಸಿಲ್ಡೆನಾಫಿಲ್ ಪ್ರಾಣಿಗಳ ಹಂತದಲ್ಲೇ ಬಿದ್ದುಹೋದವು. ಮನುಷ್ಯ ಬೇರೆ, ಇಲಿ ಬೇರೆ ಎಂದು ಎಲ್ಲವನ್ನೂ ಇಲಿಯ ತಲೆಗೆ ಕಟ್ಟುವಂತಿಲ್ಲ.

ಯಾವ ಪ್ರಾಣಿ?

ಗಿನಿ ಪಿಗ್‌ನ ಹೃದಯನಾಳ ಕಟ್ಟಿದರೆ ಹೃದಯಾಘಾತವೇ ಆಗುವುದಿಲ್ಲ. ಅದರ ಹೃದಯದಲ್ಲಿ ನಾಳದಿಂದ ನಾಳಕ್ಕೆ ಅಡ್ಡ ಕವಲುಗಳು ಅಷ್ಟೊಂದಿವೆ. ಹೆದ್ದಾರಿ ಮುಚ್ಚಿದರೂ ಊರೊಳಗಿನ ದಾರಿಗಳಲ್ಲಿ ಬಸ್ಸು ಹೋಗುವ ಹಾಗೆ ರಕ್ತ ಬೇರೆ ಕಡೆಯಿಂದ ಬಂದು ಸೇರುತ್ತದೆ. ನಾಯಿಯಲ್ಲಿ ಇಂಥ ಕವಲುಗಳು ಸಾಕಷ್ಟಿವೆ, ಅದೂ ನಾಯಿಯಿಂದ ನಾಯಿಗೆ ಹೆಚ್ಚುಕಡಿಮೆ. ಹಂದಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮನುಷ್ಯನ ಹೃದಯದ ಗಾತ್ರ, ಬಡಿತದ ವೇಗ, ನಾಳಗಳ ಹಂಚಿಕೆಗೆ ಹತ್ತಿರವಿರುವುದು ಹಂದಿಯೇ ಆದ್ದರಿಂದ ಹೊಸ ಸ್ಟೆಂಟ್, ಹೊಸ ಸಲಕರಣೆಗಳು ರೋಗಿಯನ್ನು ಮುಟ್ಟುವ ಮೊದಲು ಹಂದಿಯನ್ನು ದಾಟಿ ಬರುತ್ತವೆ. ಆದರೆ ಹಂದಿಯ ಹೃದಯ ಬಲು ಮುಂಗೋಪಿ. ನಾಳ ಕಟ್ಟಿದ ಕೆಲ ನಿಮಿಷಗಳಲ್ಲೇ ಲಯ ತಪ್ಪಿ ಒದ್ದಾಡತೊಡಗುತ್ತದೆ, ವಿದ್ಯುತ್ ಆಘಾತ ಕೊಡುವ ಯಂತ್ರ ಕೈಗೆಟುಕುವಲ್ಲೇ ಇರಬೇಕು. ಮಹಾ ಖರ್ಚಿನ ಬಾಬ್ತು ಬೇರೆ. ಇನ್ನು ಚಿಟ್ಟಿಲಿಯ ಹೃದಯಕೋಶದಲ್ಲಿ ಸಂಕೋಚನದ ಪ್ರೋಟೀನೂ ಬೇರೆ, ಕ್ಯಾಲ್ಸಿಯಂ ಒಳಹೊರಗೆ ಮಾಡುವ ರೀತಿಯೂ ಬೇರೆ. ಲಯದ ಕಾಯಿಲೆಗೆ ಅದನ್ನು ನಂಬುವುದು ಕಷ್ಟ. ಅದರ ಹೆಚ್ಚುಗಾರಿಕೆ ವಂಶವಾಹಿಗಳನ್ನು ಬೇಕಾದಂತೆ ತಿದ್ದಬಹುದು ಎಂಬುದರಲ್ಲಿದೆ.

ಸರಿಯಾದ ಪ್ರಾಣಿ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸ್ಟ್ಯಾಟಿನ್‌ನ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ನಿಕೊಲಾಯ್ ಅನಿಚ್ಕೊವ್ ಸೂರ್ಯಕಾಂತಿ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಕರಗಿಸಿ ಮೊಲಗಳಿಗೆ ತಿನ್ನಿಸಿ, ಅವುಗಳ ರಕ್ತನಾಳಗಳಲ್ಲಿ ಮನುಷ್ಯರದ್ದರಂಥ ಕೊಬ್ಬಿನ ಗಡ್ಡೆಗಳನ್ನು ತೋರಿಸಿದ. ಬೇರೆಯವರು ಇಲಿ, ನಾಯಿಗಳಲ್ಲಿ ಅದನ್ನೇ ಮಾಡಿದರೆ ಏನೂ ಕಾಣಲಿಲ್ಲ. ಸೊಪ್ಪು ತಿನ್ನುವ ಮೊಲದ ಕಥೆ ಮನುಷ್ಯನಿಗೆ ಯಾಕೆ ಎಂದು ಬಹಳ ಮಂದಿ ತಳ್ಳಿಹಾಕಿದರು. ಅರವತ್ತು ವರ್ಷಗಳ ನಂತರ ಜಪಾನಿನ ಅಕಿರಾ ಎಂಡೊ ಸುಮಾರು 6,000 ಬಗೆಯ ಬೂಷ್ಟುಗಳನ್ನು ಜಾಲಾಡಿ, 1973ರಲ್ಲಿ ಕೊಲೆಸ್ಟ್ರಾಲ್ ತಯಾರಿಯನ್ನು ತಡೆಯುವ ಕಾಂಪ್ಯಾಕ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಇಲಿಗಳಿಗೆ ಕೊಟ್ಟರೆ ಕೊಲೆಸ್ಟ್ರಾಲ್ ಇಳಿಯಲೇ ಇಲ್ಲ. ಎಂಡೊ ಕೆಲಸ ಮಾಡುತ್ತಿದ್ದ ಕಂಪನಿಯ ಲೆಕ್ಕದಲ್ಲಿ ಅಲ್ಲಿಗೆ ಅದು ಮುಗಿದ ಕಥೆ. 1976ರ ಆರಂಭದಲ್ಲಿ ಎಂಡೊ ಪ್ರಯೋಗಾಲಯದ ಹತ್ತಿರದ ಬಾರಿನಲ್ಲಿ ಸಹೋದ್ಯೋಗಿ ನೊರಿತೊಶಿ ಕಿತಾನೊ ಅವರನ್ನು ಕಂಡರು. ಕಿತಾನೊ ಬಳಿ ಮೊಟ್ಟೆ ಕೋಳಿಗಳಿದ್ದವು. ಮೊಟ್ಟೆಯಲ್ಲಿ ಅಷ್ಟು ಕೊಲೆಸ್ಟ್ರಾಲ್ ಇದೆಯೆಂದರೆ ಕೋಳಿ ಅದನ್ನು ಹೇರಳವಾಗಿ ತಯಾರಿಸುತ್ತಿರಬೇಕು ಎಂಬ ತರ್ಕದಲ್ಲಿ ಕಾಂಪ್ಯಾಕ್ಟಿನ್ ಬೆರೆಸಿದ ಮೇವು ಹಾಕಿದರು. ಕೋಳಿಗಳ ಕೊಲೆಸ್ಟ್ರಾಲ್ ಅರ್ಧದ ಹತ್ತಿರಕ್ಕೆ ಇಳಿಯಿತು. ಇವತ್ತು ಕೋಟ್ಯಂತರ ಜನ ರಾತ್ರಿ ಮಲಗುವ ಮುಂಚೆ ನುಂಗುವ ಮಾತ್ರೆಯ ಕುಟುಂಬ ಉಳಿದದ್ದು ಇಲಿಯಿಂದ ಕೋಳಿಗೆ ಹಾರಿದ್ದರಿಂದ.

ಸೋತ ಹೃದಯ

ಹೃದಯಾಘಾತದಲ್ಲಿ ಉಳಿದವರ ಮುಂದಿನ ಪಾಡು ಹೃದಯ ವೈಫಲ್ಯ. ಸತ್ತ ಸ್ನಾಯುವಿನ ಜಾಗದಲ್ಲಿ ಕಲೆ ಕಟ್ಟುತ್ತದೆ, ಉಳಿದ ಗೋಡೆ ಹಿಗ್ಗುತ್ತಾ ಹೋಗುತ್ತದೆ, ಕೆಲವು ತಿಂಗಳು ವರ್ಷಗಳಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಗೆ ಪಾದ ಊತ. ಇಲ್ಲಿ ಇಲಿ ನಮ್ಮ ಕೈಬಿಡಲಿಲ್ಲ. ಬಾಸ್ಟನ್ನಿನ ದಂಪತಿ ಮಾರ್ಕ್ ಮತ್ತು ಜಾನಿಸ್ ಫೆಫರ್ ಇಲಿಗಳ ನಾಳ ಕಟ್ಟಿ ತಕ್ಷಣ ಕೊಲ್ಲದೆ, ತಿಂಗಳುಗಟ್ಟಲೆ ಸಾಕಿ ನೋಡಿದರು. ಹೃದಯ ನಿಧಾನವಾಗಿ ಉಬ್ಬುತ್ತಿತ್ತು. ಬ್ರೆಜಿಲ್‌ನ ಹಾವಿನ ವಿಷದ ಅಧ್ಯಯನದಿಂದ ಹುಟ್ಟಿದ ಕ್ಯಾಪ್ಟೊಪ್ರಿಲ್ ಎಂಬ ಬಿಪಿ ಮಾತ್ರೆಯನ್ನು ಕುಡಿಯುವ ನೀರಿಗೆ ಬೆರೆಸಿ ಕೊಟ್ಟರೆ ಉಬ್ಬುವುದು ತಗ್ಗಿತು, ಇಲಿಗಳು ಹೆಚ್ಚು ದಿನ ಬದುಕಿದವು. 1985ರಲ್ಲಿ ಅದು ಪ್ರಕಟವಾಯಿತು. 1992ರಲ್ಲಿ ಹೃದಯಾಘಾತದಿಂದ ಉಳಿದ 2,231 ರೋಗಿಗಳ ಸೇವ್ ಪರೀಕ್ಷೆಯಲ್ಲಿ ಅದೇ ಮಾತ್ರೆ ಸಾವನ್ನು 19 ಶೇಕಡಾ ಕಡಿಮೆ ಮಾಡಿತು. ಇಲಿ ಹೇಳಿದ್ದು ರೋಗಿಯಲ್ಲಿ ಚಾಚೂ ತಪ್ಪದೆ ನಿಂತ ಅಪರೂಪದ ಪ್ರಸಂಗ. ನಾಳ ಹೇಗೆ ಕಟ್ಟಿತು ಎಂಬುದು ಫೆಫರ್‌ಗಳ ಪ್ರಶ್ನೆಯಾಗಿರಲಿಲ್ಲ. ಕಲೆ ಬಿದ್ದ ಹೃದಯ ಆಮೇಲೆ ಏನು ಮಾಡುತ್ತದೆ ಎಂದು ಕೇಳಿದರು, ಆ ವಿಷಯದಲ್ಲಿ ಇಲಿಗೂ ಮನುಷ್ಯನಿಗೂ ಹೆಚ್ಚು ಭೇದವಿರಲಿಲ್ಲ.

ವೈಫಲ್ಯ ತರುವ ಬೇರೆ ಉಪಾಯಗಳೂ ಇವೆ. ಚಿಟ್ಟಿಲಿಯ ಮಹಾಪಧಮನಿಯ ಪಕ್ಕ ಚುಚ್ಚುಮದ್ದಿನ ಸಣ್ಣ ಸೂಜಿಯಿಟ್ಟು, ಎರಡನ್ನೂ ಸೇರಿಸಿ ದಾರ ಬಿಗಿದು, ಸೂಜಿ ಎಳೆದುಕೊಂಡರೆ ನಾಳ ಸೂಜಿಯಷ್ಟೇ ಕಿರಿದಾಗಿ ಉಳಿಯುತ್ತದೆ. ಹೆಚ್ಚಿದ ಒತ್ತಡಕ್ಕೆ ಎದುರಾಗಿ ದುಡಿದು ಹೃದಯ ದಪ್ಪಗಾಗಿ ಸೋಲುತ್ತದೆ. 1991ರಿಂದ ಬಂದ ಪದ್ಧತಿ ಇದು. ಆದರೆ ಮನುಷ್ಯನ ರಕ್ತದೊತ್ತಡ ಒಂದು ಮಧ್ಯಾಹ್ನದಲ್ಲಿ ಹೀಗೆ ದಿಢೀರೆಂದು ಏರಿ ಕೂರುವುದಿಲ್ಲ. ನಾಯಿಗೆ ಪೇಸ್‌ಮೇಕರ್ ಹಾಕಿ ಕೆಲವು ವಾರ ವೇಗವಾಗಿ ಬಡಿಸಿದರೂ ಹೃದಯ ಸೋಲುತ್ತದೆ. ಪೇಸ್‌ಮೇಕರ್ ನಿಲ್ಲಿಸಿದರೆ ಬಹುಪಾಲು ಚೇತರಿಸಿಕೊಳ್ಳುತ್ತದೆ, ರೋಗಿಗಳಿಗೆ ಸಾಮಾನ್ಯವಾಗಿ ಆ ಭಾಗ್ಯ ಇಲ್ಲ.

ಈಗ ತಲೆನೋವಾಗಿರುವುದು ಇನ್ನೊಂದು ಬಗೆ. ಹೃದಯದ ಹಿಂಡುವ ಬಲ ಚೆನ್ನಾಗಿದೆ, ಸಡಿಲಗೊಂಡು ರಕ್ತ ತುಂಬಿಕೊಳ್ಳಲು ಬರುವುದಿಲ್ಲ. ಬೊಜ್ಜು, ಸಕ್ಕರೆ, ಬಿಪಿ ಇರುವ ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಹೆಚ್ಚು. ದಶಕಗಳ ಕಾಲ ಇದಕ್ಕೆ ಒಪ್ಪುವ ಪ್ರಾಣಿಯೇ ಇರಲಿಲ್ಲ. 2019ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಚಿಟ್ಟಿಲಿಗಳಿಗೆ ಕೊಬ್ಬಿನ ಆಹಾರವನ್ನೂ, ಜೊತೆಗೆ ರಕ್ತನಾಳಗಳನ್ನು ಬಿಗಿಸುವ ಒಂದು ರಾಸಾಯನಿಕವನ್ನೂ ಕೊಟ್ಟಾಗ ಈ ಬಗೆಯ ಲಕ್ಷಣಗಳು ಬಹುಮಟ್ಟಿಗೆ ಕಾಣಿಸಿಕೊಂಡವು. ತಮಾಷೆಯೆಂದರೆ, ಈ ಕಾಯಿಲೆಯಲ್ಲಿ ಕೊನೆಗೂ ಕೆಲಸ ಮಾಡಿದ ಮಾತ್ರೆಗಳು ಯಾವ ಇಲಿಯ ಶಿಫಾರಸಿನ ಮೇಲೂ ಬಂದವಲ್ಲ. ಸಕ್ಕರೆ ಕಾಯಿಲೆಗೆಂದು ಮಾಡಿದ ಎಂಪಾಗ್ಲಿಫ್ಲೊಜಿನ್ ಹೃದಯಕ್ಕೆ ಅಪಾಯಕಾರಿಯಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಸುಮಾರು 7,000 ರೋಗಿಗಳ ಮೇಲೆ ನಡೆಸಿದ ಪರೀಕ್ಷೆ 2015ರಲ್ಲಿ ಮುಗಿದಾಗ, ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವವರು 35 ಶೇಕಡಾ ಕಡಿಮೆಯಾಗಿದ್ದರು. ಪ್ರಾಣಿ ಪ್ರಯೋಗಗಳು ಆಮೇಲೆ ಕಾರಣ ಹುಡುಕುತ್ತಾ ಹಿಂದೆ ಬಂದವು.

ಕಾಂಡಕೋಶಗಳ ಪ್ರಕರಣವನ್ನೂ ಇಲ್ಲಿ ಹೇಳಬೇಕು. ಮೂಳೆಮಜ್ಜೆಯ ಕೋಶಗಳು ಚಿಟ್ಟಿಲಿಯ ಹೃದಯದಲ್ಲಿ ಹೊಸ ಸ್ನಾಯುವಾಗಿ ಬೆಳೆದವು ಎಂದು 2001ರಲ್ಲಿ ಪಿಯೆರೊ ಅನ್ವರ್ಸಾ ಅವರ ತಂಡ ಪ್ರಕಟಿಸಿದ್ದೇ ತಡ, ಜಗತ್ತಿನಾದ್ಯಂತ ರೋಗಿಗಳ ಹೃದಯಕ್ಕೆ ಆ ಕೋಶಗಳನ್ನು ಚುಚ್ಚತೊಡಗಿದರು. 2004ರಲ್ಲಿ ಬೇರೆ ಪ್ರಯೋಗಾಲಯಗಳು ಅದೇ ಪ್ರಯೋಗ ಮಾಡಿ, ಹಾಗೇನೂ ಆಗುವುದಿಲ್ಲ ಎಂದವು. ಅದರಲ್ಲೊಂದು ಪ್ರಬಂಧದ ಮೊದಲ ಹೆಸರು, ಹಿಂದೆ ನಾಯಿಗಳ ನಾಳ ಕಟ್ಟಿ ಬಿಟ್ಟು ಮಾಡಿದ್ದ ಅದೇ ಚಾರ್ಲ್ಸ್ ಮರಿ. 2018ರಲ್ಲಿ ಅನ್ವರ್ಸಾ ಪ್ರಯೋಗಾಲಯದ 31 ಪ್ರಬಂಧಗಳನ್ನು ಹಿಂಪಡೆಯಬೇಕೆಂದು ಹಾರ್ವರ್ಡ್ ಹೇಳಿತು.

ನಮ್ಮ ಫಾರ್ಮಸಿ ಕಾಲೇಜುಗಳಿಗೆ ಬಂದರೆ, ಅಲ್ಲಿ ಗಂಟಿಗಿಂತ ಚುಚ್ಚುಮದ್ದು ಹೆಚ್ಚು. ಐಸೊಪ್ರೊಟೆರಿನಾಲ್ ಎಂಬ ಔಷಧಿಯನ್ನು ಕಿಲೋ ತೂಕಕ್ಕೆ 85 ಮಿಲಿಗ್ರಾಂನಂತೆ ಎರಡು ದಿನ ಇಲಿಯ ಚರ್ಮದಡಿ ಕೊಟ್ಟರೆ ಹೃದಯ ಅತಿಯಾಗಿ ದಣಿದು ಅಲ್ಲಲ್ಲಿ ಸ್ನಾಯು ಸಾಯುತ್ತದೆ. 1959ರಲ್ಲಿ ಜಾರ್ಜ್ ರೋನಾ ತೋರಿಸಿದ ವಿಧಾನ. ಶಸ್ತ್ರಚಿಕಿತ್ಸೆ ಬೇಡ, ಸೂಕ್ಷ್ಮದರ್ಶಕ ಬೇಡ, ಖರ್ಚು ಕಡಿಮೆ. ಹೊಳೆಮತ್ತಿಯ ತೊಗಟೆಯಿಂದ ಹಿಡಿದು ಹಿತ್ತಲಿನ ಎಷ್ಟೋ ಗಿಡಗಳ ಸಾರವನ್ನು ಮೊದಲೇ ಕುಡಿಸಿ, ಆಮೇಲೆ ಈ ಚುಚ್ಚುಮದ್ದು ಕೊಟ್ಟು, ಸತ್ತ ಸ್ನಾಯುವಿನಿಂದ ರಕ್ತಕ್ಕೆ ಸೋರುವ ಕಿಣ್ವಗಳ ಮಟ್ಟ ಇಳಿಯಿತು ಎಂದು ಬರೆದ ಪ್ರಬಂಧಗಳು ರಾಶಿಯಿವೆ. ನಾಳವೇ ಕಟ್ಟದ ಈ ಮಾದರಿಯಲ್ಲಿ, ಕಾಯಿಲೆ ಬರುವ ಮೊದಲೇ ಕೊಟ್ಟ ಕಷಾಯ ಗೆದ್ದರೆ ಎದೆ ಹಿಡಿದುಕೊಂಡು ಬಂದ ರೋಗಿಗೆ ಅದರಿಂದ ಏನು ತಿಳಿಯಿತು? ಪ್ರಾಣಿಹಿಂಸೆಯ ಬಗ್ಗೆ ಮಾತು ಬಂದಾಗ ಡ್ಯೂಕ್‌ನ ನಾಯಿಗಳಿಗಿಂತ ಈ ಇಲಿಗಳೇ ನನಗೆ ಹೆಚ್ಚು ಕಸಿವಿಸಿ ತರುತ್ತವೆ. ಅವುಗಳಿಂದ ಯಾರೂ ಹೊಸದಾಗಿ ಏನನ್ನೂ ಕೇಳಿರಲಿಲ್ಲ.

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ನಮ್ಮ ದೇಶದಲ್ಲಿ ಪ್ರಯೋಗಕ್ಕೆ ಮುನ್ನ ಅರ್ಜಿ ತುಂಬಬೇಕು. ಪ್ರಾಣಿ ಯಾಕೆ ಬೇಕು, ಇದೇ ಪ್ರಾಣಿ ಯಾಕೆ, ಇಷ್ಟೇ ಸಂಖ್ಯೆ ಯಾಕೆ ಎಂದು ಅದರಲ್ಲಿ ಕೇಳುತ್ತಾರೆ. ಮೂರಕ್ಕೂ ಹಿಂದಿನ ಅರ್ಜಿಯ ಉತ್ತರವನ್ನೇ ನಕಲು ಮಾಡಿ ಅಂಟಿಸುವುದು ಸುಲಭ. 2023ರಲ್ಲಿ ಕೇಂದ್ರ ಸರಕಾರ ಔಷಧ ಪರೀಕ್ಷೆಯ ನಿಯಮಗಳನ್ನು ತಿದ್ದಿ, ಮನುಷ್ಯ ಜೀವಕೋಶಗಳಿಂದ ಬೆಳೆಸಿದ ಅಂಗಾಂಶ, ಚಿಪ್ ಮೇಲಿನ ಅಂಗಗಳಂಥ ಪರ್ಯಾಯಗಳಿಗೆ ದಾರಿ ಬಿಟ್ಟಿತು. ಅಮೆರಿಕ 2022ರ ಡಿಸೆಂಬರಿನಲ್ಲೇ ಅಂಥ ಕಾನೂನು ಮಾಡಿತ್ತು. ಚರ್ಮದ ಕೋಶದಿಂದ ಹೃದಯಕೋಶ ಬೆಳೆಸಿ, ಅದು ತಟ್ಟೆಯಲ್ಲಿ ಮಿಡಿಯುವುದನ್ನು ನೋಡಬಹುದು. ಒಂದು ಔಷಧ ಹೃದಯದ ಲಯ ಕೆಡಿಸುತ್ತದೆಯೇ ಎಂದು ತಿಳಿಯಲು ಇಲಿಗಿಂತ ಆ ತಟ್ಟೆಯೇ ವಾಸಿ. ಆದರೆ ಆ ಕೋಶಗಳು ಭ್ರೂಣದ ಹೃದಯದಷ್ಟು ಎಳೆಯವು, ಅವಕ್ಕೆ ರಕ್ತದೊತ್ತಡ ಗೊತ್ತಿಲ್ಲ. ಹೃದಯ ವೈಫಲ್ಯದಲ್ಲಿ ಮೂತ್ರಪಿಂಡ ಉಪ್ಪು ಹಿಡಿದಿಟ್ಟುಕೊಳ್ಳುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಕಾಲು ಊದಿಕೊಳ್ಳುತ್ತದೆ. ಇವನ್ನೆಲ್ಲ ಒಟ್ಟಿಗೆ ತೋರಿಸುವ ಚಿಪ್ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಗಿಡದ ಸಾರದ ಇಲಿಗಳನ್ನು ಬಿಟ್ಟು, ವಯಸ್ಸಾದ, ಸಕ್ಕರೆ ಕಾಯಿಲೆ ಇರುವ, ಮಾತ್ರೆಗಳನ್ನೂ ನುಂಗುತ್ತಿರುವ ಕೆಲವೇ ಹಂದಿಗಳ ಮೇಲೆ ಹಣ ಹಾಕುವುದು ಮೇಲು ಎನ್ನುವವರ ಪಕ್ಷ ನನ್ನದು.